ಒಳಗಿವಿ

ಮೋರಿಬೆಟ್ಟದಲ್ಲಿ ಚಪ್ಪಡಿ ಸರಿಸಿದೆವು.
ಪಾಂಡವರ ಮನೆ ಅಂತಿದ್ದರು ಊರವರು;
ಒಳಗೆ ಮೊಣಕಾಲು ಮಡಚಿ ಮಲಗಿದ್ದ
ಯಾರೋ ಒಬ್ಬ, ಹಲ್ಲು ಸವೆದವ.

ತೋಟದ ಉತ್ತಯ್ಯ ದಿನಾ ಬಂದು ಕೇಳುತ್ತಾರೆ:
'ಎಲ್ಲಿಯವನಂತೆ? ಅರಬನೋ, ಗ್ರೀಕನೋ?
ನಮ್ಮವನೇ ತಾನೆ?'
ಮಣ್ಣು ಹೊರುವ ಚೋಮಿ ಏನೂ ಕೇಳುವುದಿಲ್ಲ.
ತಲೆವಸ್ತ್ರ ಬಿಚ್ಚಿ, ಬಿಸಿಲು ಬೀಳದಂತೆ
ಬುರುಡೆಗೆ ಹೊದಿಸಿದಳು.
'ತೆಗಿ, ನಿನ್ನ ಬೆವರು ತಾಗಿ
ಮಾದರಿ ಕೆಡುತ್ತೆ' ಅಂದೆ.

ಮೂಲ ಉಳಿದಿರುವುದು
ಒಳಗಿವಿಯ ಎಲುಬಿನಲ್ಲಿ,
ಇಡೀ ಮೈಯಲ್ಲಿ ಅದೇ ಗಟ್ಟಿ.
ಹಲ್ಲುಡಾಕ್ಟರದಂಥ ಡ್ರಿಲ್ಲು.
ಚಿಟಿಕೆ ಬಿಳಿ ಪುಡಿ, ನಾಳೆ ಹೈದರಾಬಾದಿಗೆ.

ಎಲ್ಲಿಂದ ಬಂದೆಯಪ್ಪಾ
ಎಂದಷ್ಟೇ ಇತ್ತು ನಮ್ಮ ಪ್ರಶ್ನೆ.
ಕೇಳಬೇಕಾದ ಕಿವಿಯನ್ನೇ
ಅರೆದಾಗಿತ್ತು.