ಬಿಸಿನೀರಿನ ಫ್ಲಾಸ್ಕು

ವಾರಕ್ಕ ಒಂದು ಐತಾರ, ಅದಾದರೂ ನಮಗಿರಲಿ
ಅಂತ ಜಗಳ ತೆಗೆದಾಕಿ ನಾನೇ.
ಮಸ್ಕಿಯಾಗ ತಂಗಿ ಮಗನ ಜವಳ ಇತ್ತು ಅವತ್ತು.
ಇವರು ನೋಡಿದರ, ಖಾದರಬಾಷಾನ ಅಂಗಡಿಯಿಂದ
ಹೆಬ್ಬಟ್ಟಿನ ಮಷೀನು ಕಡ ತಂದು
ಸಿಂಧನೂರಿನ ರೈಸ್ ಮಿಲ್ಲಿನ ಹಿಂದಿನ ಓಣಿಗೆ
ಹೊಂಟು ನಿಂತಿದ್ದರು.

ಕಾರಣ ದೊಡ್ಡದೇನಲ್ಲ. ಒಂದು ಮಾತು ಚುಚ್ಚಿತ್ತು.
ಪಿಂಚಣಿಯ ಮೂರನೇ ಕಿಟಕಿಗೆ ಬಂದ ಅಂಬಮ್ಮಗ
ಯಾವತ್ತಿನಂಗ ಅಂದಿದ್ದರಂತ:
ಹೆಬ್ಬಟ್ಟು ಬರವಲ್ದು, ಮುಂದಿನ ವಾರ ಬಾ.
ಆಕಿ ಕಿಟಕಿಯ ಸಳಿ ಹಿಡಕೊಂಡು,
‘ಹೆಬ್ಬಟ್ಟು ಸತ್ತದ ಯಪ್ಪಾ, ನಾ ಇನ್ನೂ ಸತ್ತಿಲ್ಲ.’
ಆ ರಾತ್ರಿ ರೊಟ್ಟಿ ಮುರೀಲಿಲ್ಲ ಇವರು.
ಪುಂಡಿಪಲ್ಯ ತಾಟಿನಾಗೇ ಆರಿತು.

ಸಿಟ್ಟಿಲೇ ಹೋದೆ ನಾನು, ಸೌಭಾಗ್ಯಳನ್ನೂ ಎಳಕೊಂಡು.
ಬೇವಿನ ಗಿಡದ ಬುಡಕ ತಟ್ಟು ಹಾಸಿತ್ತು.
ಮೂವತ್ತು ವರ್ಷ ಭತ್ತ ಹಸನು ಮಾಡಿದ ಕೈ,
ತೌಡು ಸುಂಕಿನಾಗ ತಿಕ್ಕಿ ತಿಕ್ಕಿ
ಗೆರೀನೇ ಇಲ್ಲದ ಬೆರಳು.
ಹಳ್ಳದ ಕಲ್ಲು ಇದಕಿಂತ ಒರಟು.
ಮಷೀನು ಕೆಂಪು ದೀಪ ಹಚ್ಚಿ ಇಲ್ಲ ಅಂತಿತ್ತು.
ಇವರು ಒರೆಸಿ ಮತ್ತ ಇಡಸೋರು. ಮತ್ತ ಇಲ್ಲ.

ಯಾಕ ಹೊಳೀತೋ ಗೊತ್ತಿಲ್ಲ,
ಬಾಣಂತನದ ನೆನಪಿರಬೇಕು,
ಬಾಜು ಮನಿ ಒಲಿ ಮ್ಯಾಲ ನೀರು ಕಾಸಿದೆ.
ಅಂಬಮ್ಮನ ಕೈ ಬೋಗುಣಿಯಾಗ ನೆನೆ ಹಾಕಿ
ಒಂದೊಂದೇ ಬೆರಳು ಹಿಡಿದು ಕೊಬ್ರಿ ಎಣ್ಣಿ ತೀಡಿದೆ.
ನನ್ನ ಅವ್ವನ ಕೈಯನ್ನೇ ಹಿಂಗ ಹಿಡಿದಾಕಿ ಅಲ್ಲ ನಾನು.
ಮಗಳು ಟವೆಲ್ಲಿಲೆ ಒತ್ತಿ ಒತ್ತಿ ಒರೆಸಿದಳು,
ಗಣಿತಕ್ಕ ಇಷ್ಟು ಲಕ್ಷ್ಯ ಕೊಟ್ಟಾಕಿ ಅಲ್ಲ.

ನಾಲ್ಕನೇ ಸಲಕ್ಕ ಹಸಿರು ದೀಪ.
ಅಂಬಮ್ಮ ನಗಲಿಲ್ಲ. ಕೈ ಮುಗೀಲಿಲ್ಲ.
‘ಇಷ್ಟು ಬಿಸಿನೀರು ಆ ಕಚೇರಿಯಾಗ ಇರಲಿಲ್ಲೇನು?’
ಅಂದು ಸೆರಗು ಝಾಡಿಸಿ ಎದ್ದಳು.
ಇವರು ಕನ್ನಡಕ ತೆಗೆದು ಒರೆಸಿದರು,
ಒರೆಸಿದ್ದನ್ನೇ ಒರೆಸಿದರು.

ಹನ್ನೊಂದು ಹೆಬ್ಬಟ್ಟು ಬಂದವು ಅವತ್ತು. ಎರಡು ಬರಲೇ ಇಲ್ಲ:
ಹುಸೇನಮ್ಮಂದು, ಮತ್ತ ಹೆಸರು ಕೇಳೂದು ಮರೆತ
ಇನ್ನೊಬ್ಬಾಕಿದು.
ಆ ಬಾಕಿ ಇನ್ನೂ ನನ್ನ ಮ್ಯಾಲ ಅದ.

ಸೋಮವಾರದಿಂದ ಇವರ ಬುತ್ತಿ ಚೀಲದಾಗ
ಒಂದು ಫ್ಲಾಸ್ಕು ಹೆಚ್ಚಿಗಿ ಹೋಗ್ತದ.
ಚಾ ಅಂತ ತಿಳಿದು ಎರಡನೇ ಕಿಟಕಿಯ ಪರ್ವತರೆಡ್ಡಿ
ಲೋಟ ಹಿಡಕೊಂಡು ಬಂದಿದ್ದನಂತ.
ಈಗ ಅವನೂ ಎಣ್ಣಿ ಸೀಸೆ ಇಟ್ಟಾನ ಮೇಜಿನ ಮ್ಯಾಲ,
ನಗ್ತಾನೋ ಇಡ್ತಾನೋ, ಇಟ್ಟಾನ.
ಸರ್ವಿಸ್ ಪುಸ್ತಕದಾಗ ಇದಕ್ಕೊಂದು ಕಾಲಂ ಇಲ್ಲ.
ಇರಲೂ ಬಾರದು ಅಂತಾರ ಇವರು.
ನನಗ ಅಷ್ಟು ಖಾತ್ರಿ ಇಲ್ಲ.
ತಂಗಿ ಮಾತ್ರ ಇನ್ನೂ ಮಾತಾಡವಲ್ಲಳು.

ಮುಂಜಾನಿ ಫ್ಲಾಸ್ಕಿನ ಬಿರಡಿ ತಿರುವುವಾಗ
ಒಮ್ಮೊಮ್ಮೆ ನನ್ನ ಹೆಬ್ಬಟ್ಟು
ಕಿಡಕಿ ಬೆಳಕಿಗೆ ಹಿಡಿದು ನೋಡ್ತೀನಿ.
ರೊಟ್ಟಿ ಬಡಿದು ಬಡಿದು
ನಡುವಿನ ಒಂದೆರಡು ಗೆರಿ ಮಾಸ್ಯಾವ.
ಉಳಿದವು ಅದಾವ ಇನ್ನೂ.