ಹಂಚಿನ ಮ್ಯಾಲ ಏಳು

ನುಸ್ರತ್ ತಂದುಕೊಟ್ಟಾಳ, ಪಾಲಿಟೆಕ್ನಿಕ್ ಹುಡುಗಿ,
ಮುನ್ನೂರ ಇಪ್ಪತ್ತು ರೂಪಾಯಿ ಮಾಲು,
ಅಂಚೆಚೀಟಿಗಿಂತ ಚೂರು ದೊಡ್ಡದು,
ನೆತ್ತಿ ಮ್ಯಾಲ ಖವಾ ಬಣ್ಣದ ಒಂದು ಚೌಕ ಬಿಲ್ಲೆ.
"ಕಾಕಾ, ಇದು ಮ್ಯಾಲಿಂದ ಟೈಮ್ ತರ್ತದ,
ನಿಮ್ಮ ಗೋಡಿ ಗಡಿಯಾರಕ್ಕ ಹಚ್ಚೋಣು."

ಮ್ಯಾಲ ಅಂದ್ರ ಎಲ್ಲಿ?
ಶಹಾಬಾದಿನಾಗ ನೆಲಾನೂ ಪರಸಿ, ಮಾಳಿಗೀನೂ ಪರಸಿ,
ಕುಂದ್ರೋ ಕಟ್ಟಿ ಪರಸಿ, ಕಲ್ಲಿನ ಹೊಟ್ಟ್ಯಾಗ ಊರು.
ಅಂಗಡ್ಯಾಗ ಇಟ್ಟು ನೋಡಿದ್ವಿ.
ಅವಳ ಲ್ಯಾಪ್‌ಟಾಪಿನಾಗ ಸೆಕೆಂಡಿಗೊಂದು ಸಾಲು ಬೀಳ್ತದ:
ಡಾಲರ್ ಗುರುತು, ನಾಕೈದು ಅಕ್ಷರ, ಆಮ್ಯಾಲ
ಕಾಮಾ, ಕಾಮಾ, ಕಾಮಾ, ಕಾಮಾ.
ಏನೋ ಹೇಳಬೇಕಂತ ಬಂದು
ಚಹಾ ಕುಡದು ಎದ್ದುಹೋದವರ ಹಂಗ.

ಕಿಟಕಿಗೆ ಒಯ್ದ್ವಿ. ಕಾಮಾ.
"ಚಾರ್ಜರ್ ದೂರ ಸರಿಸ್ರಿ ಕಾಕಾ, ಅದು ಗದ್ದಲ ಮಾಡ್ತದ."
ಕಿವಿಗೆ ಹಿಡದು ನೋಡ್ದೆ, ಏನೂ ಕೇಳಲಿಲ್ಲ.
ಮ್ಯಾಲಿಂದು ಎಷ್ಟು ಸಣ್ಣ ದನಿ ಇದ್ದೀತು,
ಈ ಕೇಳದ ಗದ್ದಲದಾಗೂ ಮುಳುಗಬೇಕಂದ್ರ!
ಮಾರುದ್ದ ವೈರು ಹಚ್ಚಿ ಚಾರ್ಜರಿಗೆ ಮೂಲಿ ತೋರಿಸ್ದೆ.

ಮಾಳಿಗಿ ಹತ್ತಿದ್ವಿ.
ಹನ್ನೆರಡೂವರೆ ನಿಮಿಷ ಸುಮ್ನ ಕುಂದ್ರಬೇಕಂತ
ಆಕಾಶದ ಪಂಚಾಂಗ ಪೂರಾ ಓದ್ಲಿಕ್ಕ ಅದಕ್ಕ.
ಕುಂತ್ವಿ. ಮೂರು ಬಂದ್ವು, ಎರಡು ಹೋದ್ವು.
ವೈರು ಕಿತ್ತಿ ಹಚ್ಚಿದ್ರ ಎಲ್ಲಾ ಮರ್ತು ಮೊದಲಿಂದ ಶುರು.
"ಮರೀಲಿಕತ್ತದ ಯಾಕ?" ಅಂದಾಳ.

ಕಣ್ಣಿಗೆ ಭೂತಗನ್ನಡಿ ಸಿಗಿಸ್ಕೊಂಡೆ.
ಬಿಲ್ಲೆ ಬಾಜೂಕ, ಅವರಿ ಕಾಳಷ್ಟು ಸೆಲ್ಲು,
ಮಾರೂದ್ಕಿಂತ ಮೊದಲೇ ಸತ್ತದ್ದು.
ಇದು ನನ್ನ ಕೆಲಸ.
ನಲವತ್ತೊಂದು ವರ್ಷ ಇಂಥಾವೇ ಬದಲಿಸೀನಿ,
ಮದಿವಿ ವಾಚಿಗೆ, ರೈಲಿನವರ ವಾಚಿಗೆ,
ಭೋಂಗಾ ನಿಂತ ಮ್ಯಾಲ ಕಾರ್ಖಾನಿ ಬಿಟ್ಟವರ ವಾಚಿಗೆ.
ಚಿಮಟ, ಉಸಿರು ಬಿಗಿ, ಒಂದು ಹನಿ ಬೆಸುಗಿ.
ಈಗ ವೈರು ಕಿತ್ತಿದ್ರೂ ನೆನಪಿಟ್ಕೋತದ
ಯಾವ ಚುಕ್ಕಿ ಯಾವಾಗ ಯಾವ ಕಡಿಂದ ಏಳ್ತದಂತ.

ಇನ್ನೊಂದು ಬೇಕಂತ: ಬಿಲ್ಲೆ ಕೆಳಗ ಲೋಹದ ಅಗಲ ಹಾಸು.
ಕೆಳಗಿಂದ ಕಲ್ಲಿಗೆ ಬಡದು ಬರೋ ಸುಳ್ಳು ದನಿ ತಡೀಲಿಕ್ಕ.
ನಾಗೂಬಾಯಿ ಒಳಗಿಲ್ಲದ್ದು ನೋಡಿ
ರೊಟ್ಟಿ ಹಂಚು ತಂದೆ.
ನಡುಮಧ್ಯ ಬಿಲ್ಲೆ, ಮುಖ ಮ್ಯಾಲ.
ನಾಕು. ಐದು.
ಏಳು.

ಖರೆ ಹೇಳ್ಬೇಕಂದ್ರ ಮೊದಲ ಬಂದದ್ದು ಜಾಗ ಅಲ್ಲ, ಟೈಮು.
ಟೈಮಿಗೆ ಒಂದೇ ಉಪಗ್ರಹ ಸಾಕಂತ,
ಜಾಗ ಹೇಳ್ಲಿಕ್ಕ ನಾಕು ಕೂಡಬೇಕು.
ನನಗೂ ಹಂಗೇ, ಒಂದು ದೀಪ, ಒಂದು ಕಣ್ಣು,
ಅಷ್ಟರಾಗೇ ಸಾಗ್ಯದ. ಅಂಗಡಿಗೆ ಬಂದವರೆಲ್ಲ
ಎಷ್ಟಾಯ್ತು ಅಂತ ಕೇಳ್ಯಾರ,
ಎಲ್ಲಿದ್ದೀ ಅಂತ ಕೇಳಿಲ್ಲ.

ಈಗ ಅದು ತಾನಾಗೇ ಹೇಳ್ಲಿಕತ್ತದ:
ಹದಿನೇಳು ಪಾಯಿಂಟ್ ಒಂದು ಮೂರು,
ಹಿಂದಿನ ಅಂಕಿ ಮಾತ್ರ ನಿಲ್ಲವಲ್ದು.
ಹಂಚು ಹಂದಿಲ್ಲ, ನಾ ಹಂದಿಲ್ಲ,
ಆದರೂ ಎರಡು ಹೆಜ್ಜಿ ಆ ಕಡಿ, ಮೂರು ಈ ಕಡಿ
ಮಾಳಿಗಿ ಮ್ಯಾಲ ನಾ ತಿರುಗ್ಯಾಡ್ಲಿಕತ್ತೀನಂತ.
"ಅಷ್ಟು ತಪ್ಪು ಇರ್ತದ್ರಿ," ಅಂದಾಳ ನುಸ್ರತ್.
ಇರ್ಲಿ ಬಿಡವ್ವಾ, ಅಂದೆ.

ಐದೂವರೆ ತಾಸು ಕೂಡ್ಸಿದ್ಲು.
ಹಸಿರು ದೀಪ ಸೆಕೆಂಡಿಗೊಮ್ಮೆ ಮಿಣುಕು.
ನನ್ನ ಕೈಗಡಿಯಾರ ಬಾಜೂಕ ಹಿಡದೆ,
ನಾಕು ಸೆಕೆಂಡ್ ಹಿಂದ.
ಊರಿಗೆಲ್ಲಾ ಟೈಮ್ ತಿದ್ದಿದಾಂವಂದು.

ಕೆಳಗಿಂದ ಕೂಗು: "ಹಿಟ್ಟು ನಾದೀನಿ, ಹಂಚೆಲ್ಲದ?"
ಬಿಲ್ಲೆ ಎತ್ತಿ ಹಂಚು ಕೊಟ್ಟೆ.
ಏಳರಾಗ ಮೂರು ಹಂಚಿನ ಕೂಡನೇ ಇಳದುಹೋದ್ವು.
ನಾಳೆ ಎಣ್ಣಿ ಡಬ್ಬಿ ಮುಚ್ಚಳ ಹುಡುಕಬೇಕು.