ಹೋಕಾ ರಿಪೇರಿ

ಬೈತಖೋಲದ ಧಕ್ಕೆಯಲ್ಲಿ ಹೋಕಾಯಂತ್ರದ ಮುಳ್ಳು ನೇರ ಮಾಡುವುದು ನನ್ನ ಕಸುಬು.
ಎಂಜಿನ್ನಿನ ಕಬ್ಬಿಣ ಪಕ್ಕದಲ್ಲೇ ಕೂತು ಅದರ ಕಿವಿಯೂದುತ್ತದೆ,
ಉತ್ತರ ಐದು ಡಿಗ್ರಿ ಆಚೆ ಜಾರುತ್ತದೆ,
ಮಗ್ಗುಲಿಗೆ ಚೂರು ಅಯಸ್ಕಾಂತ ಇಟ್ಟು ಮರಳಿ ಕರೆಯುತ್ತೇನೆ.
ಈಗ ಎಲ್ಲರ ಬಳಿ ಜಿಪಿಎಸ್.
ವಾರಕ್ಕೊಬ್ಬ ಬಂದರೆ ಹೆಚ್ಚು.

ಹಾಗಾಗಿ ಭಟ್ಕಳದ ಬುಶ್ರಾಳ ಡ್ರಿಲ್ ಹೊರಲು ಒಪ್ಪಿದೆ.
ಮಾಜಾಳಿ ದಾಟಿ, ಗುಡ್ಡ ಇಳಿದರೆ ತಿಳಮಾತಿ,
ಎಳ್ಳು ಚೆಲ್ಲಿದಂಥ ಮರಳು.
ಕರಿಕಲ್ಲಿನ ಮೇಲೆ ಮೊದಲು ಬಾಣ ಬರೆದಳು,
ಆಮೇಲೆ ಕೊರೆದಳು.
ಹೆಬ್ಬೆರಳಷ್ಟು ಕಲ್ಲು, ಒದ್ದೆ.
"ಕಾಕಾ, ಇದೂ ಹೋಕಾನೇ.
ಬೆಂಕಿಯಾಗಿದ್ದಾಗ ಇದರ ಮುಳ್ಳು ಅಲೆಯುತ್ತಿತ್ತು.
ಆರಿದ ಹೊತ್ತಿಗೆ ಎತ್ತ ನೋಡುತ್ತಿತ್ತೋ ಅತ್ತಲೇ ನಿಂತಿತು."

ತಿಂಗಳ ಮೇಲೆ ಫೋನು:
ಮುಳ್ಳು ಓರೆಯಾಗಿ ಆಕಾಶಕ್ಕೆ ಮೊಗವೆತ್ತಿದೆಯಂತೆ,
ಭೂಮಧ್ಯರೇಖೆಯ ಕೆಳಗೆ,
ಮಡಗಾಸ್ಕರದ ಬಗಲಲ್ಲಿ ಹುಟ್ಟಿದ್ದರ ಗುರುತು.

ಕಸುಬಿನವ ನಾನು, ಕೇಳಿಯೇ ಬಿಟ್ಟೆ:
ತಿರುಗಿದ್ದು ದೋಣಿಯೋ, ಸರಿದದ್ದು ಉತ್ತರವೋ?
ಒಂದೇ ಹೋಕಾ ಇದ್ದರೆ ಹೇಳಲಾಗದು, ಎಂದಳು.
ಆಫ್ರಿಕಾದ್ದೊಂದು ಬೇಕು, ಆಸ್ಟ್ರೇಲಿಯಾದ್ದೊಂದು.
ಒಂದೇ ಕಾಲದ ಕಲ್ಲುಗಳು, ಒಂದೊಂದೂ ಬೇರೆ ಧ್ರುವ ತೋರಿಸುತ್ತವೆ.
ಭೂಮಿಗೆ ಅಷ್ಟೊಂದು ಉತ್ತರಗಳಿರಲಾರವು.
ನಡೆದದ್ದು ನೆಲ.
ತುಸು ತಡೆದು, "ಧ್ರುವವೂ ಸ್ವಲ್ಪ ಅಲೆದಿದೆ" ಎಂದಳು,
ಲೆಕ್ಕ ಮುಚ್ಚಿಡುವವಳಲ್ಲ.

ಎಳೆದದ್ದು ಯಾರು?
ಒಲೆ ಮೇಲೆ ಗಂಜಿ ಕುದ್ದ ಹಾಗೆ, ಅಂತ ಶಾಲೆಯಲ್ಲಿ ಕಲಿಸಿದ್ದರು.
ಅದೂ ಇದೆ. ಆದರೆ ಹೆಚ್ಚಿನ ಜಗ್ಗಾಟ ರಂಪಣಿಯ ಸೀಸದ್ದು:
ತಣ್ಣಗಾಗಿ ಭಾರವಾದ ಅಂಚು ಮುಳುಗುತ್ತದೆ,
ಅದರ ಹಿಂದೆ ಇಡೀ ಬಲೆ,
ಬಲೆಯ ಮೇಲೆ ಕೂತ ನಾವು.
ಒಂದು ಕಾಲಕ್ಕೆ ವರ್ಷಕ್ಕೊಂದು ಸಣ್ಣ ಬಂಗಡೆಯುದ್ದ ಓಡಿದ್ದೆವಂತೆ.
ಈಗ ಮೂರು ಬೆರಳಗಲ.

ಅರ್ಗಾದಿಂದ ನಮ್ಮನ್ನೆಬ್ಬಿಸಿದಾಗ ಇಷ್ಟು ನಿಧಾನವಿರಲಿಲ್ಲ.
ಒಂದು ಲಾರಿ, ಅರ್ಧ ತಾಸು, ತೋಡೂರು ಕಾಲನಿ.
ಹಿಂದೆ ನೌಕಾನೆಲೆಯ ಗೋಡೆ ಎದ್ದಿತು.
ಹೊಸ ಮನೆಯಲ್ಲಿ ಆಯಿ ಬೆಳಕು ಹರಿಯುವ ಮೊದಲೇ ಎದ್ದು
ಪಡುವಣ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು.
ಅಲ್ಲಿ ಬಾಗಿಲಿರಲಿಲ್ಲ.
"ಇವತ್ತು ಗಾಳಿ ಹೆಂಗದೆ?"
ಸುಣ್ಣವನ್ನು ಕೇಳುತ್ತಿದ್ದಳು.
ದಿನಾ ಅವಳ ಭುಜ ಹಿಡಿದು
ರಸ್ತೆಯ ಕಡೆ ತಿರುಗಿಸುತ್ತಿದ್ದೆ,

ಮುಳ್ಳು ತಪ್ಪಿದೆ ಅಂದುಕೊಂಡು.